ಗಡಿಯಾರ ಬೇಡ, ಸೋಪು ಇರಲಿ

ಪ್ರಶ್ನೆ: ಮಗ ಚೀನಾದ ಟಿಯಾಂಜಿನ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಫೆಬ್ರುವರಿಯ ಹೊಸ ವರ್ಷದ ಹಬ್ಬಕ್ಕೆ ಸಹಪಾಠಿಯೊಬ್ಬ ಮನೆಗೆ ಕರೆದಿದ್ದಾನಂತೆ. ನಾವು ಸಸ್ಯಾಹಾರಿಗಳು. ಹಬ್ಬದೂಟದಲ್ಲಿ ಅವನಿಗೆ ತಿನ್ನಲು ಏನಾದರೂ ಸಿಗುತ್ತದೆಯೇ? ಆ ಮನೆಯವರಿಗೆ ಶ್ರೀಗಂಧದ ಒಂದು ಪುಟ್ಟ ಗಡಿಯಾರ ಕಳಿಸಬೇಕೆಂದಿದ್ದೇವೆ.
– ದಾವಣಗೆರೆಯ ತಾಯಿಯೊಬ್ಬರು

ಉತ್ತರ: ಮೊದಲು ಆ ಗಡಿಯಾರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ, ತಾಯಿ! ಚೀನೀ ಭಾಷೆಯಲ್ಲಿ ‘ಗಡಿಯಾರ ಕೊಡುವುದು’ ಎಂದರೂ ‘ಸಾಯುವವರನ್ನು ಕಳಿಸಿಕೊಡುವುದು’ ಎಂದರೂ ಕಿವಿಗೆ ಒಂದೇ: ಸೊಂಗ್ ಝೊಂಗ್. ಬದಲಿಗೆ ಎರಡು ಡಬ್ಬಿ ಮೈಸೂರು ಸ್ಯಾಂಡಲ್ ಸೋಪು ಕಳಿಸಿ. ಕೆಂಪು ಕಾಗದ ಸುತ್ತಿರಲಿ. ನಾಲ್ಕು ಮಾತ್ರ ಬೇಡ, ಆ ಸಂಖ್ಯೆಯ ಉಚ್ಚಾರ ಸಾವಿನ ಪದಕ್ಕೆ ತೀರ ಹತ್ತಿರ.

ಇನ್ನು ಊಟ. ಯಜಮಾನರ ಕೆಲಸದ ನಿಮಿತ್ತ ಅದೇ ಊರಿನಲ್ಲಿ ಎರಡು ಹೊಸ ವರ್ಷ ಕಂಡವಳು ನಾನು. 2026ರಲ್ಲಿ ಹಬ್ಬ ಫೆಬ್ರುವರಿ 17ಕ್ಕೆ. ಮನೆಮಂದಿಯೆಲ್ಲ ಸೇರುವ ದೊಡ್ಡ ಊಟ ಹಿಂದಿನ ರಾತ್ರಿ. ಮೇಜಿನ ಮೇಲೆ ಮಾಂಸವೂ ಇಡಿಯಾಗಿ ಬೇಯಿಸಿದ ಮೀನೂ ಇದ್ದೇ ಇರುತ್ತವೆ. ಮೀನಿಗೂ ಮಿಗತೆಗೂ ‘ಯು’ ಎಂದೇ ಹೇಳುವುದರಿಂದ ಬೇಕೆಂದೇ ಒಂದಿಷ್ಟು ಮೀನು ಉಳಿಸುತ್ತಾರೆ. ಹಿರಿಯರು ಅತಿಥಿಯ ಬಟ್ಟಲಿಗೆ ಕೇಳದೆಯೇ ಬಡಿಸುವವರು. ಆದ್ದರಿಂದ ಮಗ ಬಾಗಿಲಲ್ಲೇ ‘ವೋ ಚಿ ಸು’, ನಾನು ಸಸ್ಯಾಹಾರಿ, ಎಂದುಬಿಡಲಿ.

ಆದರೆ ಅವನ ಅದೃಷ್ಟ ನೋಡಿ. ನಡುರಾತ್ರಿ ಹಳೆ ವರ್ಷ ಹೊಸ ವರ್ಷ ಕೂಡುವಾಗ ತಿನ್ನುವ ‘ಜಿಯಾವ್‌ಝಿ’, ಅಂದರೆ ಕರ್ಜಿಕಾಯಿಯ ಆಕಾರದಲ್ಲಿ ಮಡಚಿ ನೀರಿನಲ್ಲಿ ಬೇಯಿಸಿದ ಕಡುಬು, ಟಿಯಾಂಜಿನ್‌ನಲ್ಲಿ ಸಸ್ಯಾಹಾರವೇ! ವರ್ಷ ತಂಟೆ ತಕರಾರಿಲ್ಲದೆ ಕಳೆಯಲಿ ಎಂಬ ನಂಬಿಕೆ. ಹೂರಣಕ್ಕೆ ಹೆಸರುಕಾಳಿನ ಮೊಳಕೆ, ಒತ್ತಿ ನೀರು ತೆಗೆದ ತೋಫು, ಕೊತ್ತಂಬರಿ ಸೊಪ್ಪು, ಅರೆದ ಎಳ್ಳು, ಹುದುಗಿಸಿದ ಕೆಂಪು ತೋಫು. ಕೊನೆಯದರ ವಾಸನೆ ಮೊದಲ ಸಲ ಮೂಗಿಗೆ ಅಡರುತ್ತದೆ, ಆಮೇಲೆ ಬಿಡುವುದಿಲ್ಲ. ಕೆಲವರು ಮೊಟ್ಟೆ, ಒಣ ಸೀಗಡಿ ಸೇರಿಸುವುದುಂಟು, ಕೇಳಿಕೊಳ್ಳಲಿ.

ಒಂದು ಎಚ್ಚರಿಕೆ. ಮೊದಲ ವರ್ಷ ಎದುರು ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ನಾನು ಜಾಲರಿ ಸೌಟಿನಲ್ಲಿ ಎತ್ತುವಾಗ ಒಂದು ಕಡುಬು ಬಾಯಿಬಿಟ್ಟಿತು. ‘ಒಡೆಯಿತು’ ಎಂದೆ. ಎಲ್ಲರೂ ಗಪ್‌ಚಿಪ್. ಅಜ್ಜಿ ತಕ್ಷಣ ‘ಝೆಂಗ್ ಲ’ ಎಂದು ತಿದ್ದಿದರು: ‘ಗಳಿಸಿತು’! ದೀಪ ಆರಿತು ಎನ್ನದೆ ಶಾಂತವಾಯಿತು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಟದುದ್ದಕ್ಕೂ ಟಿವಿಯಲ್ಲಿ ಸರ್ಕಾರಿ ವಾಹಿನಿಯ ಸಂಗೀತ–ಹಾಸ್ಯದ ಕಾರ್ಯಕ್ರಮ ಓಡುತ್ತಿರುತ್ತದೆ. 1983ರಿಂದ ಪ್ರತಿವರ್ಷ ಬರುತ್ತಿದೆ. ನಾನು ಕಂಡ ಮನೆಗಳಲ್ಲಿ ಪೂರ್ತಿ ನೋಡಿದವರೂ ಇಲ್ಲ, ಆರಿಸಿದವರೂ ಇಲ್ಲ.

ಪ್ರಶ್ನೆ: ಮದುವೆಯಾದ ಹೆಣ್ಣುಮಕ್ಕಳು ಹಬ್ಬಕ್ಕೆ ತವರಿಗೆ ಹೋಗುವುದು ಚೀನಾದಲ್ಲೂ ಇದೆಯೇ?
– ಶಿವಮೊಗ್ಗದ ಓದುಗರು

ಉತ್ತರ: ಇದೆ, ವರ್ಷದ ಎರಡನೆಯ ದಿನ, ಗಂಡನೊಡನೆ. ಟಿಯಾಂಜಿನ್‌ನವರು ಅದನ್ನು ‘ಅಳಿಯನ ಹಬ್ಬ’ ಎಂದೇ ಕರೆಯುತ್ತಾರೆ. ನಮ್ಮ ದೀಪಾವಳಿಯ ಅಳಿಯನಿಗೆ ಎಣ್ಣೆಸ್ನಾನವಾದರೆ ಅವರ ಅಳಿಯನಿಗೆ ನೂಡಲ್ಸ್.

ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಐದನೆಯ ದಿನ. ಅಂದು ಮತ್ತೆ ಕಡುಬು. ಹೂರಣವನ್ನು ಮಣೆಯ ಮೇಲಿಟ್ಟು ನೆರೆಹೊರೆಗೆ ಕೇಳುವಂತೆ ಟಕಟಕ ಕೊಚ್ಚಬೇಕು. ಕೊಚ್ಚುವುದು ಸೊಪ್ಪನ್ನಲ್ಲ, ಚಾಡಿ ಹೇಳುವ, ಕೇಡು ಬಗೆಯುವ ‘ಸಣ್ಣ ಜನ’ರನ್ನು. ಬೆಳಗ್ಗೆಯಿಂದ ನಮ್ಮ ಕಟ್ಟಡದ ಎಲ್ಲ ಮಹಡಿಗಳಲ್ಲೂ ಅದೇ ಸದ್ದು. ‘ನೀವು ಯಾರನ್ನು ಕೊಚ್ಚುತ್ತಿದ್ದೀರಿ?’ ಎಂದು ಅಜ್ಜಿಯನ್ನು ಕೇಳಿದೆ. ಅವರು ಮಾತಾಡಲಿಲ್ಲ, ಚಾಕುವಿನ ತುದಿಯಿಂದ ಚಾವಣಿಯ ಕಡೆಗೆ ತೋರಿಸಿದರು. ಮೇಲಿನ ಮನೆಯಿಂದಲೂ ಟಕಟಕ ಕೇಳುತ್ತಿತ್ತು.