ಆಂಟೆನಾದ ಬುಡ ನೋಡಿ: ಸ್ವಂತವಾಗಿ ವಿಮಾನ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಆರೆಗಾನ್‌ನಲ್ಲಿ ಆರ್‌ವಿ-7 ಎಂಬ ಅಲ್ಯುಮಿನಿಯಂ ತಗಡಿನ ವಿಮಾನ ಕಟ್ಟುತ್ತಿದ್ದೇವೆ. ರೇಡಿಯೊ ಆಂಟೆನಾವನ್ನು ವಿಮಾನದ ಬೆನ್ನಿನ ಮೇಲೆ ಹಾಕಬೇಕೋ, ಹೊಟ್ಟೆಯ ಕೆಳಗೋ? ಸ್ನೇಹಿತರೊಬ್ಬರು ಕೆಳಗೆ ಹಾಕಿದ್ದಾರೆ. ವಿಮಾನ ನಿಲ್ದಾಣದ ಟವರ್‌ನವರಿಗೆ ಅವರ ದನಿ ಕರಕರ ಎಂದು ಕೇಳಿಸುತ್ತದಂತೆ.

ಎರಡೂ ನಡೆಯುತ್ತದೆ. ಆಕಾಶದಲ್ಲಿರುವಾಗ ಟವರ್ ಕೆಳಗಿರುತ್ತದೆ, ಹಾಗಾಗಿ ಹೊಟ್ಟೆಯ ಆಂಟೆನಾಕ್ಕೆ ಅಡ್ಡಿಯಿಲ್ಲ. ನೆಲದ ಮೇಲೆ ಓಡಾಡುವಾಗ ಮಾತ್ರ ಚಕ್ರದ ಕಾಲುಗಳು ಮರೆಯಾಗುತ್ತವೆ. ಎರಡು ರೇಡಿಯೊ ಇದ್ದರೆ ಒಂದನ್ನು ಮೇಲೆ, ಒಂದನ್ನು ಕೆಳಗೆ ಹಾಕಿ; ನಡುವೆ ತಗಡಿನ ಒಡಲೇ ಗೋಡೆಯಾಗುತ್ತದೆ.

ಸ್ನೇಹಿತರ ಕರಕರಕ್ಕೆ ಜಾಗ ಕಾರಣವಲ್ಲ ಅನ್ನಿಸುತ್ತದೆ. ಮೊದಲು ಬುಡ ನೋಡಲು ಹೇಳಿ. ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ನಡುವಿನ 127 ಹಿಡಿದರೆ ಅಲೆಯ ಉದ್ದ 2.36 ಮೀಟರ್, ಆಂಟೆನಾದ ಸರಳಿಗೆ ಬೇಕಾದ ಅದರ ಕಾಲುಭಾಗ 59 ಸೆಂ.ಮೀ.; ತೆಳು ಸರಳಿನಲ್ಲಿ ಇದು ಸುಮಾರು 56ಕ್ಕೆ ಇಳಿಯುತ್ತದೆ. ಹೊರಗೆ ಕಾಣುವ ಈ ಸರಳು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಸುತ್ತಲಿನ ತಗಡು. ಸರಳಿನ ಬುಡಕ್ಕೂ ತಗಡಿಗೂ ಸಂಪರ್ಕ ಕೆಟ್ಟಿದ್ದರೆ ಎಷ್ಟು ದುಬಾರಿ ರೇಡಿಯೊ ತಂದರೂ ಅರ್ಧ ಆಂಟೆನಾದಲ್ಲೇ ಮಾತಾಡಿದಂತೆ.

ಕೂರಿಸುವ ಕ್ರಮ ಹೀಗಿರಲಿ. ತಗಡಿನ ಒಳಬದಿಗೆ ಸುಮಾರು 0.8 ಮಿ.ಮೀ. ದಪ್ಪದ ಅಲ್ಯುಮಿನಿಯಂ ಹಲಗೆಯನ್ನು ಬುಡಕ್ಕಿಂತ ನಾಲ್ಕೈದು ಸೆಂ.ಮೀ. ಅಗಲವಾಗಿ ರಿವೆಟ್ ಮಾಡಿ. ಇಲ್ಲದಿದ್ದರೆ ಗಾಳಿಯ ಹೊಡೆತಕ್ಕೆ ಸರಳು ಅಲುಗಾಡಿ ತೂತಿನ ಅಂಚಿನಲ್ಲಿ ತಗಡು ಬಿರುಕು ಬಿಡುತ್ತದೆ. ಹಲಗೆ ಮತ್ತು ತಗಡು ಒಂದಕ್ಕೊಂದು ತಾಗುವ ಕಡೆ ಪ್ರೈಮರ್ ಕೆರೆದು ತೆಗೆಯಿರಿ. ತುಕ್ಕು ತಡೆಯುವ ಅಲೊಡೈನ್ ಲೇಪ ಕೊಡಬಹುದು, ಅದು ವಿದ್ಯುತ್ತನ್ನು ತಡೆಯುವುದಿಲ್ಲ. ಆಂಟೆನಾದ ಜೊತೆ ಬರುವ ಕಾರ್ಕ್ ಅಥವಾ ರಬ್ಬರ್ ಗ್ಯಾಸ್ಕೆಟ್ ನೀರು ತಡೆಯುತ್ತದೆ, ವಿದ್ಯುತ್ತನ್ನೂ ತಡೆಯುತ್ತದೆ. ಅದನ್ನು ಹಾಕಿದ ಮೇಲೆ ಸಂಪರ್ಕವೆಲ್ಲ ಸ್ಕ್ರೂಗಳ ಮೂಲಕವೇ. ಒಂದು ಸ್ಕ್ರೂ ಸಡಿಲವಾದರೂ ಎಂಜಿನ್ ನಡುಕಕ್ಕೆ ಕರಕರ ಶುರು. ಸೀಲೆಂಟನ್ನು ಬುಡದ ಅಡಿಗೆ ಬಳಿಯಬೇಡಿ, ಹೊರ ಅಂಚಿಗೆ ಮಾತ್ರ ಹಚ್ಚಿ. ಕೊನೆಗೆ ಕೇಬಲ್ ಬಿಚ್ಚಿಟ್ಟು, ಆಂಟೆನಾದಲ್ಲಿ ಕೇಬಲ್ ಸೇರುವ ಬಿಎನ್‌ಸಿ ಕನೆಕ್ಟರ್‌ನ ಹೊರಮೈಗೂ ಬಣ್ಣವಿಲ್ಲದ ತಗಡಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಅದರ ಎರಡು ತಂತಿಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯೇ ಇಲ್ಲೂ ಬರಬೇಕು.

ಕೇಬಲ್ಲಿಗೆ ಆರ್‌ಜಿ-58 ಬೇಡ, ಆರ್‌ಜಿ-400 ಹಾಕಿ. ಇದರ ನಡು ತಂತಿಯ ಸುತ್ತ ಎರಡು ಪದರದ ಲೋಹದ ಜಾಲರಿ ಇದೆ, ಶಾಖ ತಡೆಯುತ್ತದೆ. ಆರ್‌ಜಿ-58ರ ಪಿವಿಸಿ ಹೊದಿಕೆ ಬೆಂಕಿ ತಗುಲಿದರೆ ಕಾಕ್‌ಪಿಟ್‌ನಲ್ಲಿ ವಿಷದ ಹೊಗೆ. ಕೇಬಲ್ಲಿನ ತುದಿಗೆ ಕನೆಕ್ಟರನ್ನು ಅಮುಕಿ ಕೂರಿಸುವಾಗ (ಕ್ರಿಂಪ್) ಆಗುವ ಮಾಮೂಲಿ ತಪ್ಪು, ಜಾಲರಿಯ ಒಂದೆಳೆ ನಡುವಿನ ಪಿನ್ನಿಗೆ ತಾಗುವುದು. ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿಟ್ಟೇ ಪರೀಕ್ಷಿಸಿ. ಕೆಲವು ಆಂಟೆನಾಗಳ ಒಳಗೆ ರಚನೆಯಲ್ಲೇ ಶಾರ್ಟ್ ಇರುತ್ತದೆ, ಅದನ್ನು ದೋಷವೆಂದು ತಿಳಿದು ಒಳ್ಳೆಯ ಆಂಟೆನಾ ಎಸೆದೀರಿ.

ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆಂದು ತಿಳಿಸುವ ಅಂಕಿ ಎಸ್‌ಡಬ್ಲ್ಯುಆರ್. 118, 127, 137ರಲ್ಲಿ ಅದನ್ನು ಅಳೆದು ನೋಡಿ, 2ರೊಳಗಿದ್ದರೆ ಸಾಕು. 3 ಆದರೆ ಕಾಲುಭಾಗ ಶಕ್ತಿ ಹಿಂದಕ್ಕೆ ಬರುತ್ತದೆ. ಆದರೆ ಈ ಅಂಕಿಗೆ ಮರುಳಾಗಬೇಡಿ: ಶಕ್ತಿಯನ್ನೆಲ್ಲ ಶಾಖವಾಗಿಸಿ ಏನನ್ನೂ ಪ್ರಸಾರ ಮಾಡದ ಡಮ್ಮಿ ಲೋಡ್ ಕೂಡ 1 ತೋರಿಸುತ್ತದೆ.

ಪ್ರಶ್ನೆ: ನಮ್ಮದು ಗ್ಲಾಸ್ ಫೈಬರ್‌ನ ಲಾಂಗ್-ಈಜಿ ವಿಮಾನ. ಇಲ್ಲಿ ತಗಡೇ ಇಲ್ಲವಲ್ಲ?

ಹಾಗಾಗಿ ಸರಳಿನ ಆಸೆ ಬಿಡಿ, ತಗಡಿನ ಬದಲು ಎರಡನೆಯ ತೋಳೇ ಇರುವ ಡೈಪೋಲ್ ಆಂಟೆನಾ ಮಾಡಿ. ಗ್ಲಾಸ್ ಫೈಬರ್ ರೇಡಿಯೊ ಅಲೆಗಳಿಗೆ ಗಾಜಿನಂತೆಯೇ ಪಾರದರ್ಶಕ. ಬರ್ಟ್ ರುಟಾನ್ ವಿನ್ಯಾಸದ ಈ ವಿಮಾನ 1979ರಲ್ಲಿ ಮೊದಲು ಹಾರಿತು; ರೆಕ್ಕೆಯ ತುದಿಯಲ್ಲಿ ನೆಟ್ಟಗೆ ನಿಂತ ವಿಂಗ್‌ಲೆಟ್ಟೇ ಅದರಲ್ಲಿ ಆಂಟೆನಾಕ್ಕೆ ಹೇಳಿ ಮಾಡಿಸಿದ ಜಾಗ, ಏಕೆಂದರೆ ಮಾತಿನ ರೇಡಿಯೊಗೆ ಆಂಟೆನಾ ಲಂಬವಾಗಿರಬೇಕು. ನೆಲದ ಕೇಂದ್ರದಿಂದ ಬಂದು ದಾರಿ ತೋರಿಸುವ ವಿಓಆರ್ ಸಂಕೇತಕ್ಕೆ ಬೇಕಾದ್ದು ಅಡ್ಡ.

ಅರ್ಧ ಇಂಚು ಅಗಲದ, ಹಿಂಬದಿಗೆ ಅಂಟು ಬಳಿದ ತಾಮ್ರದ ಪಟ್ಟಿ ತನ್ನಿ. ಮಾತಿಗೆ ಎರಡು ತೋಳು, ತಲಾ ಸುಮಾರು 51 ಸೆಂ.ಮೀ.; ವಿಓಆರ್‌ಗೆ ತಲಾ 58. ಪಟ್ಟಿ ಅಗಲವಾದಷ್ಟೂ ಉದ್ದ ಕಡಿಮೆ ಸಾಕು. ಮೊದಲು ನಾಲ್ಕು ಸೆಂ.ಮೀ. ಹೆಚ್ಚಾಗಿಯೇ ಕತ್ತರಿಸಿ, ಅಳೆಯುತ್ತಾ ಎರಡೂ ತುದಿಯನ್ನು ಸಮನಾಗಿ ಕಿರಿದು ಮಾಡಿ. ಕೇಬಲ್ಲಿನ ನಡು ತಂತಿ ಒಂದು ತೋಳಿಗೆ, ಜಾಲರಿ ಇನ್ನೊಂದಕ್ಕೆ. ಬೆಸುಗೆಯ ಬಿಸಿ ಒಳಗಿನ ಫೋಮನ್ನು ಕರಗಿಸುತ್ತದೆ. ಪಟ್ಟಿಗೆ ಮೊದಲೇ ಸೀಸ ಹಿಡಿಸಿಟ್ಟುಕೊಂಡು ಚಕ್ಕನೆ ಮುಗಿಸಿ. ಬೆಸುಗೆಯ ಪಕ್ಕದಲ್ಲೇ ಮೂರು ಫೆರೈಟ್ ಉಂಗುರಗಳನ್ನು ಕೇಬಲ್ಲಿಗೆ ತೂರಿಸಿ. ಇಲ್ಲದಿದ್ದರೆ ಕೇಬಲ್ಲಿನ ಹೊರಮೈಯೇ ಮೂರನೆಯ ತೋಳಾಗುತ್ತದೆ. ಕೇಬಲ್ ತೋಳುಗಳಿಗೆ ಲಂಬಕೋನದಲ್ಲಿ ಹೊರಡಲಿ. ಮೇಲೆ ಗ್ಲಾಸ್ ಹಾಸುವ ಮುನ್ನವೇ ಅಳೆಯಿರಿ. ಆಮೇಲೆ ಕೈ ಹಾಕಲಾಗದು. ಕಾರ್ಬನ್ ಫೈಬರ್ ಭಾಗದೊಳಗೆ ಇದಾವುದೂ ನಡೆಯದು, ಅದು ಅಲೆಗಳನ್ನು ತಡೆದುಬಿಡುತ್ತದೆ.

ಪ್ರಶ್ನೆ: ಅದೇ ವಿಮಾನದಲ್ಲಿ, ರೇಡಾರ್‌ಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್‌ನ ಆಂಟೆನಾ?

ಅದು ಪ್ರಸಾರ ಮಾಡುವುದು 1090 ಮೆಗಾಹರ್ಟ್ಸ್‌ನಲ್ಲಿ, ಅಲೆಯ ಕಾಲುಭಾಗ ಸುಮಾರು 7 ಸೆಂ.ಮೀ. ಮಾತ್ರ. ಆದ್ದರಿಂದ ಹೊಟ್ಟೆಯ ಒಳಬದಿಗೆ 14 ಸೆಂ.ಮೀ. ವ್ಯಾಸದ ಅಲ್ಯುಮಿನಿಯಂ ಬಿಲ್ಲೆ ಇಟ್ಟರೆ ತಗಡಿನ ಕೆಲಸ ಆಯಿತು. ಕೂತವರಿಂದ ಒಂದು ಮೀಟರ್ ದೂರವಿರಲಿ. ಈ ಆವರ್ತನದಲ್ಲಿ ಆರ್‌ಜಿ-400 ಕೂಡ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ನುಂಗುತ್ತದೆ, ಹಾಗಾಗಿ ಕೇಬಲ್ ಚಿಕ್ಕದಿರಲಿ.

ಪ್ರಶ್ನೆ: ಮಾತಾಡಲು ಗುಂಡಿ ಒತ್ತಿದಾಗ ಕೆಲವೊಮ್ಮೆ ಜಿಪಿಎಸ್ ದಾರಿ ತಪ್ಪುತ್ತದೆ. ಯಾವಾಗಲೂ ಅಲ್ಲ.

ಆ ‘ಕೆಲವೊಮ್ಮೆ’ಯಲ್ಲೇ ಸುಳಿವಿದೆ. ಜಿಪಿಎಸ್ ಕೇಳಿಸಿಕೊಳ್ಳುವುದು 1575.42 ಮೆಗಾಹರ್ಟ್ಸ್‌ನಲ್ಲಿ. ಮಾತಿನ ರೇಡಿಯೊ ತನ್ನ ಆವರ್ತನದ ಗುಣಕಗಳಲ್ಲೂ ಚೂರು ಸೋರುತ್ತದೆ. 121.175ನ್ನು 13ರಿಂದ, 131.275ನ್ನು 12ರಿಂದ ಗುಣಿಸಿ ನೋಡಿ, ಎರಡೂ ಅದರ ಪಕ್ಕಕ್ಕೇ ಬಂದು ನಿಲ್ಲುತ್ತವೆ. ವಿಮಾನವನ್ನು ಬಯಲಿಗೆ ತಂದು, ಉಪಗ್ರಹಗಳೆಲ್ಲ ಸಿಕ್ಕ ಮೇಲೆ, 121.150, 121.175, 121.200, 131.250, 131.275, 131.300 ಇವುಗಳಲ್ಲಿ ಒಂದೊಂದರ ಮೇಲೂ ಅರ್ಧ ನಿಮಿಷ ಪ್ರಸಾರ ಮಾಡಿ. ಮೊದಲು ಆ ಚಾನೆಲ್‌ನಲ್ಲಿ ಯಾರೂ ಮಾತಾಡುತ್ತಿಲ್ಲವೆಂದು ಕೇಳಿಸಿಕೊಳ್ಳಿ. ಜಿಪಿಎಸ್ ತೆರೆಯಲ್ಲಿ ಉಪಗ್ರಹ ಸಂಕೇತದ ಬಲ ತೋರಿಸುವ ಪಟ್ಟಿಗಳು ಕುಸಿದರೆ ಎರಡು ಆಂಟೆನಾಗಳ ಅಂತರ ಹೆಚ್ಚಿಸಿ. ಅದಾಗದಿದ್ದರೆ ರೇಡಿಯೊದ ಹಿಂದೆ, ಆಂಟೆನಾ ಕೇಬಲ್ಲಿನ ಸಾಲಿನಲ್ಲಿ, 1575ಕ್ಕೆ ಟ್ಯೂನ್ ಮಾಡಿದ, ಅದೊಂದನ್ನೇ ತಡೆಯುವ ನಾಚ್ ಫಿಲ್ಟರ್ ಸೇರಿಸಿ.