ರಟ್ಟಿನ ಅಮೂರ್ತ ರಚನೆಗಳ ಬಗ್ಗೆ
ಉಡುಪಿಯ ನಿಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳು ರಟ್ಟಿನಲ್ಲಿ ಅಮೂರ್ತ, ಅಂದರೆ ಯಾವ ವಸ್ತುವನ್ನೂ ಹೋಲದ, ರಚನೆ ಮಾಡಲು ಹೊರಟು ಕೊನೆಗೆ ಮನೆ, ದೋಣಿಗಳನ್ನೇ ಮಾಡುತ್ತಾರೆ, ಬಣ್ಣ ಹಚ್ಚಿದೊಡನೆ ರಟ್ಟು ಬಾಗುತ್ತದೆ ಎಂದು ಬರೆದಿದ್ದೀರಿ. ಮಂಗಳೂರಿನಲ್ಲಿ ಚಿತ್ರಕಲೆ ಕಲಿಸುವ ನನಗೂ ಇವೆರಡೂ ಎದುರಾಗಿವೆ.

ಬಾಗುವುದಕ್ಕೆ ನೀರೇ ಕಾರಣ. ಪೋಸ್ಟರ್ ಬಣ್ಣದ ನೀರು ಹೀರಿದ ಮುಖ ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನತ್ತ ಎಳೆಯುತ್ತದೆ. ಕತ್ತರಿಸುವ ಮೊದಲೇ ಎರಡೂ ಮುಖಗಳಿಗೆ ಅಕ್ರಿಲಿಕ್ ಪ್ರೈಮರನ್ನು (ಬಣ್ಣಕ್ಕೆ ಮುಂಚೆ ಹಚ್ಚುವ ತಳಲೇಪ) ತೆಳುವಾಗಿ ಹಚ್ಚಿದರೆ ಎಳೆತ ಸಮವಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಣಗಲು ಇಡೀ ದಿನ ಬಿಡಿ.

ಮಕ್ಕಳು ಮನೆ, ದೋಣಿಗಳನ್ನೇ ಮಾಡುವ ವಿಷಯ ಹೆಚ್ಚು ಮುಖ್ಯ. ‘ನಿಮಗೆ ತೋಚಿದ್ದನ್ನು ಮಾಡಿ’ ಎಂದರೆ ಮಕ್ಕಳು ಪರಿಚಿತವಾದದ್ದನ್ನೇ ಮಾಡುತ್ತಾರೆ. ಆದ್ದರಿಂದ ಬಾಗಿದ, ಚೂಪಾದ, ಉದ್ದನೆಯ ಏಳು ತುಂಡುಗಳನ್ನು ಕತ್ತರಿಸಿಕೊಂಡು, ರಟ್ಟಿನ ದಪ್ಪದಷ್ಟೇ ಅಗಲದ ಸೀಳುಗಳಲ್ಲಿ ಒಂದನ್ನೊಂದು ಸಿಕ್ಕಿಸಬೇಕು, ಯಾವುದೂ ಗೋಡೆಯಂತೆ ನೆಟ್ಟಗೆ ನಿಲ್ಲಬಾರದು ಎಂಬ ನಿಯಮ ಕೊಡಿ. ಅಂಟು ಆಮೇಲೆ.

ಬಣ್ಣ ಆಕಾರವನ್ನು ಅನುಸರಿಸಬೇಕಾಗಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಹಳದಿ ಪಟ್ಟಿಯೊಂದನ್ನು ಮೊದಲ ತುಂಡಿನಿಂದ ಅಂಚು ದಾಟಿಸಿ ಹಿಂದಿನ ತುಂಡಿನವರೆಗೆ ಎಳೆದಳು. ಎದುರಿನಿಂದ ಅದು ಒಂದೇ ಗೆರೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮುರಿದು ಬೇರೆಯಾಗುತ್ತಿತ್ತು. ಇಡೀ ತರಗತಿ ಮೇಜನ್ನು ಸುತ್ತುವರಿದು ನೋಡಿತು. 1970ರ ದಶಕದಲ್ಲಿ ಬಣ್ಣ ಬಳಿದ ಅಲ್ಯೂಮಿನಿಯಂ ಆಕಾರಗಳನ್ನು ಗೋಡೆಯಿಂದ ಹೊರಚಾಚುವಂತೆ ಜೋಡಿಸಿದ ಅಮೆರಿಕದ ಫ್ರಾಂಕ್ ಸ್ಟೆಲ್ಲಾ (1936–2024) ಅವರ ಕೃತಿಗಳನ್ನು ಖಂಡಿತ ತೋರಿಸಿ, ಆದರೆ ಮಕ್ಕಳ ಕೆಲಸ ಮುಗಿದ ನಂತರ. ಮೊದಲೇ ತೋರಿಸಿದರೆ ನಕಲು ಮಾಡುತ್ತಾರೆ.