ಹವಾಯಿಯ ಅರಸರು, ಶೋಶೋನಿಯರ ಸಣ್ಣ ಗುಂಪುಗಳು

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಅರಸೊತ್ತಿಗೆ ಬೆಳೆದಿದ್ದಾಗ ಅಮೆರಿಕದ ಪಶ್ಚಿಮ ಭಾಗದ ಮೂಲನಿವಾಸಿಗಳಾದ ಶೋಶೋನಿಯರು ಸಣ್ಣ ಗುಂಪುಗಳಲ್ಲೇ ಉಳಿದದ್ದೇಕೆ, ಅವರು ಹಿಂದುಳಿದವರೇ ಎಂದು ತಾವು ಕೇಳಿದ್ದೀರಿ. ಹಿಂದುಳಿದವರೆಂಬ ಮಾತನ್ನು ನಾನು ಒಪ್ಪಲಾರೆ. ವ್ಯತ್ಯಾಸದ ಮೂಲ ಬಹುಮಟ್ಟಿಗೆ ನೆಲ ಮತ್ತು ನೀರಿನಲ್ಲಿದೆ.

ಹವಾಯಿಯ ಜನರು ತೊರೆಗಳ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಕೆಸುವಿನ ಗದ್ದೆಗಳಿಗೆ ಹಾಯಿಸುತ್ತಿದ್ದರು (ನಮ್ಮಲ್ಲಿ ಪತ್ರೊಡೆಗೆ ಬಳಸುವ ಕೆಸುವಿನ ಬಳಗವೇ ಅದು), ಕರಾವಳಿಯಲ್ಲಿ ಕಲ್ಲಿನ ಗೋಡೆ ಕಟ್ಟಿ ಮೀನು ಸಾಕುತ್ತಿದ್ದರು. ಹೀಗೆ ಮಿಗುತ್ತಿದ್ದ ಉತ್ಪನ್ನದ ಮೇಲೆ ‘ಅಲಿಇ’ ಎಂಬ ಒಡೆಯರ ವರ್ಗ ನಿಂತಿತ್ತು. ಸಾಮಾನ್ಯರು ಬೆಳೆಯ ಪಾಲನ್ನೂ ದುಡಿಮೆಯನ್ನೂ ಅವರಿಗೆ ಸಲ್ಲಿಸಬೇಕಿತ್ತು.

ನೆವಾಡಾದ ಒಣನೆಲದಲ್ಲಿ ಪಶ್ಚಿಮ ಶೋಶೋನಿಯರಿಗೆ ಅಂಥ ಅನುಕೂಲವಿರಲಿಲ್ಲ. ವರ್ಷದ ಬಹುಕಾಲ ಕೆಲವೇ ಕುಟುಂಬಗಳು ಕೂಡಿ ಅಲೆಯುತ್ತಿದ್ದವು. ಶರತ್ಕಾಲದಲ್ಲಿ ಪೈನ್ ಬೀಜ ಕೂಡಿಸಲು, ಬಲೆ ಕಟ್ಟಿ ಮೊಲಗಳನ್ನು ಅಟ್ಟಲು ಹೆಚ್ಚು ಜನ ಸೇರುತ್ತಿದ್ದರು, ಆಗ ಬೇಟೆಗೊಬ್ಬ ಮುಂದಾಳು ಇರುತ್ತಿದ್ದನು, ಅಷ್ಟೇ. ಆದರೆ ಕುದುರೆ ದೊರೆತು ಕಾಡೆಮ್ಮೆಗಳ ಬೇಟೆಗಿಳಿದ ವಯೋಮಿಂಗ್‌ನ ಪೂರ್ವ ಶೋಶೋನಿಯರಲ್ಲಿ ದೊಡ್ಡ ಗುಂಪುಗಳೂ ವಾಶಕೀಯಂಥ ಪ್ರಬಲ ನಾಯಕರೂ ಮೂಡಿದರು. ಒಂದೇ ಜನಾಂಗದೊಳಗಿನ ಈ ಅಂತರವೇ ನನ್ನ ಮುಖ್ಯ ಆಧಾರ.

ನೆಲ ಕಳೆದುಕೊಂಡ ಬಗೆಯೂ ಬೇರೆ. ಹವಾಯಿಯಲ್ಲಿ 1848ರ ಭೂವಿಭಜನೆಯ ನಂತರ ಸಾಮಾನ್ಯರ ಪಾಲಿಗೆ ಬಂದದ್ದು ಶೇಕಡಾ 1ಕ್ಕಿಂತ ಕಡಿಮೆ ಭೂಮಿ. 1893ರಲ್ಲಿ ರಾಣಿಯ ಆಳ್ವಿಕೆಯೂ ಉರುಳಿತು. ಪಶ್ಚಿಮ ಶೋಶೋನಿಯರಾದರೋ ಅಮೆರಿಕ ಸರ್ಕಾರದೊಡನೆ ಮಾಡಿಕೊಂಡ 1863ರ ರೂಬಿ ವ್ಯಾಲಿ ಒಪ್ಪಂದದಲ್ಲಿ ನೆಲವನ್ನು ಬಿಟ್ಟುಕೊಟ್ಟೇ ಇರಲಿಲ್ಲ. ಆದ್ದರಿಂದಲೇ ಆ ನೆಲಕ್ಕಾಗಿ ಸರ್ಕಾರ 1979ರಲ್ಲಿ ಗೊತ್ತುಪಡಿಸಿದ ಸುಮಾರು 2.6 ಕೋಟಿ ಡಾಲರ್ ಪರಿಹಾರವನ್ನು ಅವರು ನಿರಾಕರಿಸಿದರು.